ಸೋಲೋ ಉದ್ದವಾಗಿತ್ತು ಅಂದರೆ ಸಾಲದು

ಆತ್ಮೀಯರೇ,

ನಮಸ್ಕಾರ. ‘ಹಿಪ್ಪಿಗಳ ಕೈಗೆ ಸಿಕ್ಕ ಬ್ಲೂಗ್ರಾಸ್’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಕನ್ನಡದಲ್ಲಿ ಬ್ಲೂಗ್ರಾಸ್ ಎಂಬ ಈ ಅಮೆರಿಕದ ತಂತಿವಾದ್ಯಗಳ ಜನಪದ ಮೂಲದ ಸಂಗೀತದ ಬಗ್ಗೆ ಬರೆಯುವವರು ತೀರಾ ಕಡಿಮೆ, ನಿಮಗೆ ಅದರ ಹುಚ್ಚು ಇರುವುದೂ ಕಾಣುತ್ತದೆ. ಅದಕ್ಕೇ ಇಷ್ಟುದ್ದ ಪತ್ರ.

ನೀವು ಬರೆದಿರುವುದು ಇಷ್ಟು. ಕೊಲರಾಡೊದ ಒಂದು ಬೇಸಿಗೆ ಉತ್ಸವದಲ್ಲಿ ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು ಹಿಡಿದ ತಂಡವೊಂದು ಒಂದೇ ಹಾಡನ್ನು ಇಪ್ಪತ್ತು ನಿಮಿಷ ನುಡಿಸಿತು. ಪಕ್ಕದಲ್ಲಿದ್ದ ಹಿರಿಯರು “ಇದು ಬ್ಲೂಗ್ರಾಸೇ ಅಲ್ಲ” ಎಂದು ಎದ್ದು ಹೋದರು. ಬಣ್ಣಬಣ್ಣದ ಅಂಗಿಯ ಹುಡುಗರು ಕುಣಿಯುತ್ತಲೇ ಇದ್ದರು. ಅಲ್ಲಿಂದ ಮುಂದೆ ಪುಟಗಟ್ಟಲೆ ವಾದ. ಹಳಬರು ಹೀಗನ್ನುತ್ತಾರೆ, ಹೊಸಬರು ಹಾಗನ್ನುತ್ತಾರೆ, ಕೊನೆಗೆ ಇಬ್ಬರೂ ಸರಿ.

ನನ್ನ ದೊಡ್ಡ ತಕರಾರು ಒಂದೇ. ಆ ಇಪ್ಪತ್ತು ನಿಮಿಷದಲ್ಲಿ ಏನಾಯಿತು ಅಂತ ನೀವು ಎಲ್ಲೂ ಹೇಳಿಲ್ಲ. “ಆ ಸೋಲೋ ನನ್ನನ್ನು ಬೇರೊಂದು ಲೋಕಕ್ಕೆ ಕರೆದೊಯ್ದಿತು” ಎಂದಿದ್ದೀರಿ. ಒಬ್ಬರೇ ಮುಂದಾಗಿ ನುಡಿಸುವ ಆ ಭಾಗ, ಆ ಸೋಲೋ, ಯಾವ ವಾದ್ಯದ್ದು? ಹಾಡಿನ ಧಾಟಿಯನ್ನು ಎಲ್ಲಿ ಬಿಟ್ಟರು? ಮತ್ತೆ ಎಲ್ಲಿ ಹಿಡಿದರು? ಉಳಿದ ನಾಲ್ವರು ಆಗ ಏನು ಮಾಡುತ್ತಿದ್ದರು? ಇದು ಗೊತ್ತಾಗದೆ ಓದುಗ ಎದ್ದು ಹೋದವರ ಪರವೂ ನಿಲ್ಲಲಾರ, ಕುಣಿದವರ ಪರವೂ ನಿಲ್ಲಲಾರ.

ಹಳೆಯ ಬ್ಲೂಗ್ರಾಸ್ ಹಾಡುಗಳು ಯಾಕೆ ಚಿಕ್ಕವು ಎನ್ನುವುದನ್ನೂ ನೀವು ಕೇಳಿಕೊಂಡಿಲ್ಲ. “ಅದು ಸಂಪ್ರದಾಯ” ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಬ್ಲೂಗ್ರಾಸಿಗೆ ಬುನಾದಿ ಹಾಕಿದ ಬಿಲ್ ಮನ್ರೋ ತಂಡಕ್ಕೆ 1945ರ ಕೊನೆಯಲ್ಲಿ ಬ್ಯಾಂಜೊ ನುಡಿಸುವ ಅರ್ಲ್ ಸ್ಕ್ರಗ್ಸ್ ಬಂದು ಸೇರಿದರು. ಮುಂದಿನ ಎರಡು ವರ್ಷಗಳಲ್ಲಿ ಆ ತಂಡ ಮಾಡಿದ ಧ್ವನಿಮುದ್ರಣಗಳನ್ನೇ ಇವತ್ತಿಗೂ ಎಲ್ಲರೂ ಮಾದರಿ ಅನ್ನುತ್ತಾರೆ. ಆಗಿನ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ನ್ಯಾಶ್‌ವಿಲ್ಲಿನ ರೇಡಿಯೊ ಕಾರ್ಯಕ್ರಮದಲ್ಲೂ ಸಮಯ ಅಷ್ಟಕ್ಕಷ್ಟೇ. ವೇದಿಕೆಯ ಮೇಲೆ ಹಲವು ಸಲ ಒಂದೇ ಮೈಕು. ಹಾಡಿನ ಒಂದು ಚರಣ ಮುಗಿದ ಕೂಡಲೇ ಬ್ಯಾಂಜೊದವರು ಮುಂದೆ ಬರಬೇಕು, ತಮ್ಮ ಪಾಲಿನ ಒಂದು ಸುತ್ತು ನುಡಿಸಬೇಕು, ಮುಂದಿನವರಿಗೆ ಜಾಗ ಬಿಟ್ಟು ಹಿಂದೆ ಸರಿಯಬೇಕು. ಆ ಒಂದು ಸುತ್ತಿಗೆ ಅವರು ‘ಬ್ರೇಕ್’ ಅನ್ನುತ್ತಾರೆ. ಎದ್ದು ಹೋದ ಹಿರಿಯರು ಹುಡುಕುತ್ತಿದ್ದದ್ದು ಆ ಶಿಸ್ತನ್ನು ಇರಬೇಕು: ಸಿಕ್ಕ ಚೂರು ಜಾಗದಲ್ಲಿ ಹಾಡಿನ ಧಾಟಿಯನ್ನೂ ಕೇಳಿಸಬೇಕು, ತನ್ನ ಕೈಚಳಕವನ್ನೂ ತೋರಿಸಬೇಕು. ಇದನ್ನು ಬರೆದಿದ್ದರೆ ಅವರು ಬರೀ ಸಿಡುಕ ಮುದುಕರಾಗಿ ಕಾಣುತ್ತಿರಲಿಲ್ಲ.

ಇನ್ನು ತಾಳದ ವಿಷಯ. ಲೇಖನದಲ್ಲಿ ಇದು ಪೂರ್ತಿ ಬಿಟ್ಟೇ ಹೋಗಿದೆ, ನನಗೆ ಬಹಳ ಬೇಸರವಾದದ್ದು ಇಲ್ಲೇ. ಬ್ಲೂಗ್ರಾಸ್ ತಂಡದಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ತಗ್ಗು ಸ್ವರದ ದೊಡ್ಡ ತಂತಿವಾದ್ಯ ಬೇಸ್ ಒಂದು ಪೆಟ್ಟು ಕೊಟ್ಟರೆ, ಎರಡು ಪೆಟ್ಟಿನ ನಡುವೆ ಮ್ಯಾಂಡೊಲಿನ್ ‘ಚಕ್’ ಎನ್ನುತ್ತದೆ. ತಂತಿಗಳನ್ನು ಒಟ್ಟಿಗೆ ಮೀಟಿ, ಆ ಕ್ಷಣವೇ ಎಡಗೈ ಬೆರಳುಗಳ ಒತ್ತು ಸಡಿಲಿಸಿ ನಾದವನ್ನು ಅಡಗಿಸುತ್ತಾರೆ. ಆ ‘ಚಕ್’ ಅವರ ಡ್ರಮ್. ಈಗ ಯೋಚಿಸಿ, ಮ್ಯಾಂಡೊಲಿನ್‌ನವರೇ ಸೋಲೋ ಹಿಡಿದರೆ ಆ ‘ಚಕ್’ ನಿಂತುಹೋಗುತ್ತದೆ. ಅರ್ಧ ನಿಮಿಷವಾದರೆ ಗಿಟಾರೋ ಪಿಟೀಲೋ ಹೇಗೋ ತೂಗಿಸಿಕೊಂಡು ಹೋಗುತ್ತದೆ. ಏಳೆಂಟು ನಿಮಿಷವಾದರೆ ಇಡೀ ತಂಡ ತನ್ನ ಕೆಲಸವನ್ನು ಹೊಸದಾಗಿ ಹಂಚಿಕೊಳ್ಳಬೇಕು. ನೀವು ಕೇಳಿದ ತಂಡ ಅದನ್ನು ಹೇಗೆ ಮಾಡಿತು? ಉದ್ದದ ಸೋಲೋ ಗೆಲ್ಲುವುದೂ ಸೋಲುವುದೂ ಇದರ ಮೇಲೆ.

ಇದರ ಜೊತೆಗೆ ನಾದದ ಪ್ರಶ್ನೆ. ಬ್ಯಾಂಜೊ ತಂತಿ ಮೀಟಿದರೆ ಸದ್ದು ಆಗಲೇ ಆರಿಹೋಗುತ್ತದೆ. ಮೂರು ಬೆರಳಿನಲ್ಲಿ ಸ್ವರಗಳನ್ನು ಒಂದರ ಹಿಂದೆ ಒಂದು ಸುರಿಸುವ ಸ್ಕ್ರಗ್ಸ್ ಶೈಲಿ ಆ ಖಾಲಿ ಜಾಗವನ್ನು ತುಂಬಿಬಿಡುತ್ತದೆ. ಒಂದೇ ಸ್ವರದ ಮೇಲೆ ನಿಂತು ಕಾಯುವ ಸುಖ ಆ ವಾದ್ಯಕ್ಕೆ ಇಲ್ಲ. ಎಲೆಕ್ಟ್ರಿಕ್ ಗಿಟಾರಿಗೆ ಇದೆ. ಅದಕ್ಕೇ ಗ್ರೀನ್‌ಸ್ಕೈ ಬ್ಲೂಗ್ರಾಸ್ ತಂಡ, ಗಿಟಾರಿನ ಬಿಲ್ಲಿ ಸ್ಟ್ರಿಂಗ್ಸ್ ಮುಂತಾದ ಇಂದಿನವರು ಮರದ ವಾದ್ಯಗಳಿಗೆ ಸದ್ದನ್ನು ವಿದ್ಯುತ್ತಿಗೆ ತಿರುಗಿಸುವ ಪಿಕಪ್ ಜೋಡಿಸಿ, ಕಾಲ ಬುಡದಲ್ಲಿ ನಾದವನ್ನು ಹಿಗ್ಗಿಸುವ, ಬದಲಿಸುವ ಪೆಡಲ್‌ಗಳನ್ನು ಇಟ್ಟುಕೊಳ್ಳುತ್ತಾರೆ. ನೀವು ನೋಡಿದ ವೇದಿಕೆಯ ಮೇಲೂ ಪೆಡಲ್‌ಗಳು ಇದ್ದಿರಬಹುದು. ನೋಡಿದ್ದರೆ ಬರೆಯಿರಿ.

ನಾಲ್ಕನೇ ಪುಟದಲ್ಲಿ ಹಿಪ್ಪಿಗಳ ಗಾಂಜಾ, ಕೊಳಕು ಕೂದಲು ಅಂತ ಬರೆದಿರುವುದನ್ನೆಲ್ಲ ತೆಗೆಯಿರಿ. ಅದು ಸುಲಭದ ನಗು, ಮತ್ತೆ ಇತಿಹಾಸವೂ ನಿಮ್ಮ ಕಡೆಗಿಲ್ಲ. ಹಿಪ್ಪಿಗಳ ಮೆಚ್ಚಿನ ರಾಕ್ ತಂಡವಾದ ಗ್ರೇಟ್‌ಫುಲ್ ಡೆಡ್ ತಂಡದ ಜೆರ‍್ರಿ ಗಾರ್ಸಿಯಾ ರಾಕ್‌ಗೆ ಬರುವ ಮೊದಲು ಬ್ಯಾಂಜೊ ಸಾಧನೆ ಮಾಡಿದವರು. 1964ರಲ್ಲಿ ಮನ್ರೋ ತಂಡ ಸೇರುವ ಆಸೆಯಿಂದ ಕ್ಯಾಲಿಫೋರ್ನಿಯಾದಿಂದ ಕಾರಿನಲ್ಲಿ ಹೊರಟವರು. 1973ರಲ್ಲಿ ಅವರು ಬ್ಯಾಂಜೊ ಹಿಡಿದು ‘ಓಲ್ಡ್ ಆ್ಯಂಡ್ ಇನ್ ದಿ ವೇ’ ತಂಡದಲ್ಲಿ ಕೂತಾಗ, ಜೊತೆಗಿದ್ದ ಪೀಟರ್ ರೋವನ್ ಮತ್ತು ಪಿಟೀಲಿನ ವಸ್ಸಾರ್ ಕ್ಲೆಮೆಂಟ್ಸ್ ಇಬ್ಬರೂ ಮನ್ರೋ ಗರಡಿಯಲ್ಲಿ ಪಳಗಿದವರು. ಅಷ್ಟೇಕೆ, ಮಾದರಿ ಬ್ಯಾಂಜೊಗಾರ ಸ್ಕ್ರಗ್ಸ್ ಅವರೇ 1969ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಯುದ್ಧವಿರೋಧಿ ಸಮಾವೇಶದಲ್ಲಿ ನುಡಿಸಿದರು. ಹಳೆಯ ದಾರಿಯನ್ನೇ ಬಯಸಿದ ಜೊತೆಗಾರ ಲೆಸ್ಟರ್ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಬೇರೆಯಾದದ್ದೂ ಅದೇ ವರ್ಷ. ಅಂದರೆ ಜಗಳ ಹೊರಗಿನಿಂದ ಬಂದದ್ದಲ್ಲ, ಮನೆಯೊಳಗೇ ಇತ್ತು. ಬಿಲ್ಲಿ ಸ್ಟ್ರಿಂಗ್ಸ್ ಅವರನ್ನೇ ನೋಡಿ. ವೇದಿಕೆಯ ಮೇಲೆ ಅವರ ಜಾಮ್, ಅಂದರೆ ಎಲ್ಲರೂ ಸೇರಿ ಅಲ್ಲಲ್ಲೇ ಕಟ್ಟುತ್ತಾ ನುಡಿಸುವ ಆಟ, ಎಷ್ಟು ಬೇಕಾದರೂ ಬೆಳೆಯುತ್ತದೆ. 2022ರಲ್ಲಿ ತಮ್ಮನ್ನು ಬೆಳೆಸಿದ ತಂದೆಯ ಜೊತೆ ಕೂತು ಹಳೆಯ ಹಾಡುಗಳ ಆಲ್ಬಂ ಮಾಡಿದವರೂ ಅವರೇ. ನಿಮ್ಮ ‘ಹಳಬರು–ಹೊಸಬರು’ ಗೆರೆಯ ಯಾವ ಕಡೆ ಅವರನ್ನು ಕೂರಿಸುತ್ತೀರಿ?

“ಇದು ನಮ್ಮ ರಾಗಾಲಾಪನೆಯೇ” ಎಂಬ ಸಾಲು ಓದಲು ಹಿತವಾಗಿದೆ, ಆದರೆ ತಪ್ಪು. ಆಲಾಪನೆಗೆ ತಾಳವಿಲ್ಲ. ಜಾಮ್‌ನಲ್ಲಿ ಲಯ ಸಾಮಾನ್ಯವಾಗಿ ಕೊನೆವರೆಗೂ ಓಡುತ್ತಲೇ ಇರುತ್ತದೆ. ಹೋಲಿಸಲೇಬೇಕು ಅಂದರೆ ಕಲ್ಪನಾಸ್ವರಕ್ಕೆ ಹೋಲಿಸಿ. ಅಲ್ಲಿ ತಾಳ ನಡೆಯುತ್ತಿರುತ್ತದೆ, ಹಾಡುವವರು ಎಲ್ಲೆಲ್ಲೋ ಸುತ್ತಿ ಸರಿಯಾಗಿ ಎತ್ತುಗಡೆಗೆ, ಅಂದರೆ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಬಂದು ಇಳಿಯುತ್ತಾರೆ, ಪಿಟೀಲು ಅದನ್ನು ಕಾದು ಹಿಡಿಯುತ್ತದೆ. ಅದೂ ಪೂರ್ತಿ ಹೊಂದುವುದಿಲ್ಲ, ಎಲ್ಲಿ ಹೊಂದುವುದಿಲ್ಲ ಅಂತಲೂ ಬರೆಯಿರಿ. ಇದಕ್ಕಿಂತ ಗಟ್ಟಿಯಾದ ನಂಟು ನಿಮ್ಮ ಕಣ್ಣಿಗೆ ಬಿದ್ದೇ ಇಲ್ಲ. ಡೆಡ್ ತಂಡದ ಡ್ರಮ್ಮರ್ ಮಿಕ್ಕಿ ಹಾರ್ಟ್ ತಬಲಾದ ಅಲ್ಲಾ ರಖಾ ಅವರ ಹತ್ತಿರ ಕಲಿತವರು. ನ್ಯೂ ಗ್ರಾಸ್ ರಿವೈವಲ್ ತಂಡದಲ್ಲಿ ಬ್ಯಾಂಜೊ ನುಡಿಸಿದ ಬೇಲಾ ಫ್ಲೆಕ್, ಜಾಕಿರ್ ಹುಸೇನ್ ಮತ್ತು ಕೊಳಲಿನ ರಾಕೇಶ್ ಚೌರಾಸಿಯಾ ಜೊತೆ ಸೇರಿ 2023ರಲ್ಲಿ ಆಲ್ಬಂ ತಂದರು, ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು. ಕನ್ನಡದ ಓದುಗರಿಗೆ ಬಾಗಿಲು ತೆರೆಯಲು ಇದು ಸಾಕಲ್ವಾ?

ನಿಮ್ಮ “ಇಬ್ಬರೂ ಸರಿ” ನನಗೆ ಒಪ್ಪಿಗೆಯಿಲ್ಲ. ಉದ್ದದ ಸೋಲೋಗಳಲ್ಲಿ ಟೊಳ್ಳು ಜಾಸ್ತಿ ಇರುತ್ತದೆ ಎಂಬುದು ನನ್ನ ಅನುಭವ. ಒಬ್ಬರು ಇನ್ನೂ ಜೋರು, ಇನ್ನೂ ಎತ್ತರ ಎಂದು ಹತ್ತುತ್ತಾ ಹೋಗುತ್ತಾರೆ. ಉಳಿದವರು ಅದೇ ಸ್ವರಮೇಳವನ್ನು ಕುಟ್ಟುತ್ತಾ ಅವರು ಇಳಿಯುವುದನ್ನೇ ಕಾಯುತ್ತಾರೆ. ಅದಕ್ಕೆ ಒಂದು ನಿಮಿಷವೂ ಹೆಚ್ಚೇ. ಆದರೆ ಬೇಸ್ ಒಂದು ಹೊಸ ಸ್ವರ ಇಟ್ಟ ಕೂಡಲೇ ಗಿಟಾರ್ ತಾನು ಹೋಗುತ್ತಿದ್ದ ದಾರಿ ಬಿಟ್ಟು ಅತ್ತ ತಿರುಗುವುದನ್ನು ಕೇಳಿದ್ದೀರಾ? ಅಂಥ ಕಡೆ ಇಪ್ಪತ್ತು ನಿಮಿಷವೂ ಸಾಲದು. ನೀವು ಕೇಳಿದ್ದು ಯಾವುದು? ಧೈರ್ಯವಾಗಿ ಹೇಳಿ. ನಿಮ್ಮ ತೀರ್ಪು ನನ್ನದಕ್ಕಿಂತ ಬೇರೆಯಾದರೂ ಹಾಕುತ್ತೇನೆ.

ಹೊಸ ಪ್ರತಿ 1200 ಪದ ಮೀರುವುದು ಬೇಡ. ಪೀಠಿಕೆ ಬಿಟ್ಟುಬಿಡಿ, ಹಾಡು ಶುರುವಾದಲ್ಲಿಂದಲೇ ಶುರು ಮಾಡಿ. ಎದ್ದು ಹೋದ ಹಿರಿಯರನ್ನು ಮಾತ್ರ ಉಳಿಸಿಕೊಳ್ಳಿ, ಆ ಭಾಗ ಚೆನ್ನಾಗಿದೆ. ಡೆಡ್ ಕಾಲದಿಂದಲೂ ಈ ಬಳಗದ ಹಲವು ತಂಡಗಳು ಕೇಳುಗರಿಗೆ ರೆಕಾರ್ಡ್ ಮಾಡಲು ಬಿಡುತ್ತವೆ, ಹಾಗಾಗಿ ಆ ರಾತ್ರಿಯದೂ ಎಲ್ಲಾದರೂ ಸಿಗಬಹುದು. ಸಿಕ್ಕರೆ ಹೆಡ್‌ಫೋನ್ ಹಾಕಿಕೊಂಡು, ಒಂದು ಸಲ ಬೇಸ್ ಮಾತ್ರ ಹಿಂಬಾಲಿಸಿ ಕೇಳಿ. ಆಮೇಲೆ ಬರೆಯಿರಿ. ಲೇಖನದ ಜೊತೆ ಆ ರೆಕಾರ್ಡಿಂಗ್ ಕೂಡ ಕಳಿಸಿ, ನಾನೂ ಕೇಳಬೇಕು.

ವಿಶ್ವಾಸದಿಂದ,
ಸಂಪಾದಕ