ಮೊದಲ ರಿವಾಲ್ವರ್, ಕೈಯಲ್ಲಿ ಕಡಿಮೆ ಹಣ

ಪ್ರಶ್ನೆ: ಸಕಲೇಶಪುರದ ಬಳಿ ನನ್ನದೊಂದು ಸಣ್ಣ ಕಾಫಿ ತೋಟವಿದೆ. ಒಂಟಿಮನೆಯಾದ್ದರಿಂದ ಆತ್ಮರಕ್ಷಣೆಗೆ ಅಗ್ಗದ ರಿವಾಲ್ವರ್ ಕೊಳ್ಳಬೇಕೆಂದಿದ್ದೇನೆ. ಯಾವುದು ಸೂಕ್ತ?
– ಹೆಸರು ಬೇಡ

ಉತ್ತರ: ಆಯುಧವನ್ನು ಆರಿಸುವುದಕ್ಕಿಂತ ಮೊದಲು ಪರವಾನಗಿಯ ಮಾತು ಬರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನೀವು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಪೊಲೀಸರ ವರದಿಯನ್ನು ನೋಡಿದ ಮೇಲಷ್ಟೇ ಅವರು ತೀರ್ಮಾನಿಸುತ್ತಾರೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ.

ಸಾಮಾನ್ಯರಿಗೆ ದೊರೆಯುವುದು ಹೆಚ್ಚಾಗಿ .32 ಬೋರಿನ (ಅಂದರೆ ನಳಿಗೆಯ ಒಳ ಅಗಲ ಸುಮಾರು 0.32 ಇಂಚಿನ) ರಿವಾಲ್ವರ್; 9 ಎಂ.ಎಂ. ಪಿಸ್ತೂಲಾದರೋ ನಿಷೇಧಿತ ವರ್ಗಕ್ಕೆ ಸೇರಿದೆ. ಆದರೆ ನಮ್ಮಲ್ಲಿ ಅಗ್ಗದ ರಿವಾಲ್ವರ್ ಎಂಬುದು ಬಹುಮಟ್ಟಿಗೆ ಭ್ರಮೆಯೇ ಸರಿ: 2014ರಲ್ಲಿ ಮಹಿಳೆಯರಿಗೆಂದು ಕಾನ್ಪುರದ ಸರ್ಕಾರಿ ಕಾರ್ಖಾನೆ ಹೊರತಂದ ‘ನಿರ್ಭೀಕ್’ ರಿವಾಲ್ವರಿನ ಬೆಲೆಯೇ ಸುಮಾರು 1.22 ಲಕ್ಷ ರೂಪಾಯಿ ಇತ್ತು. ಪರವಾನಗಿ ಹೊಂದಿದವರಿಂದ ಹಳೆಯದನ್ನು ಕೊಳ್ಳಬಹುದಾದರೂ, ಮಾರುವವರು ಕೊಳ್ಳುವವರ ಹೆಸರು, ವಿಳಾಸಗಳನ್ನು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕಾಗುತ್ತದೆ. ಸಿಲಿಂಡರು ಸಡಿಲವಾಗಿದೆಯೇ, ನಳಿಗೆಯೊಳಗೆ ತುಕ್ಕು ಹಿಡಿದಿದೆಯೇ ಎಂಬುದನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳಿ. ಗುಂಡುಗಳ ಖರ್ಚು, ಬೀಗವಿರುವ ಗಟ್ಟಿ ಪೆಟ್ಟಿಗೆಯ ಖರ್ಚು ಬೇರೆ.

ನನ್ನನ್ನು ಕೇಳಿದರೆ, ತೋಟದ ಮನೆಗೆ ಒಂಟಿ ನಳಿಗೆಯ ಕೋವಿಯೇ ಮೇಲು, ಬೆಲೆಯೂ ಕಡಿಮೆ. ಗುರಿಯ ಅಭ್ಯಾಸವಷ್ಟೇ ಬೇಕಾದರೆ ಗುಂಡು ಹೊರಡುವ ಶಕ್ತಿ 20 ಜೌಲ್ ಮೀರದ .177 ಬೋರಿನ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಸಂತೆಯ ಬೆಲೆಗೆ ಸಿಗುವ ನಾಡಪಿಸ್ತೂಲನ್ನು ಮಾತ್ರ ಮುಟ್ಟಬೇಡಿ, ಅದು ಜೈಲಿಗೂ ಹೌದು, ಕೈಯಲ್ಲೇ ಸಿಡಿಯುವುದಕ್ಕೂ ಹೌದು.