ಬ್ಯಾಡಗಿಯಲ್ಲೂ ಚೀಲ ಬಿಚ್ಚಿ ನೋಡುತ್ತಾರೆ

ಬೆಂಗಳೂರಿನ ಕಾರ್ಖಾನೆಗಳ ಪ್ರದೇಶವಾದ ಪೀಣ್ಯದಿಂದ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇದು:

"ಕೆಲಸ ಕೊಡುವವರು ಕಾಲೇಜಿನ ಹೆಸರು ನೋಡಬಾರದು ಅಂತ ಹೋದ ಸಂಚಿಕೆಯಲ್ಲಿ ಬರೆದಿರಿ. ಬರೆಯೋದು ಸುಲಭ. ನನ್ನದು ನಲವತ್ತು ಜನರ ಮಷೀನ್ ಶಾಪ್. ಕ್ವಾಲಿಟಿ ವಿಭಾಗಕ್ಕೆ ಇಬ್ಬರು ಇಂಜಿನಿಯರ್ ಬೇಕು ಅಂತ ಹಾಕಿದ್ದಕ್ಕೆ ಮುನ್ನೂರು ಅರ್ಜಿ ಬಂದವು. ಎಲ್ಲರದ್ದೂ ಬಿ.ಇ., ಎಲ್ಲರದ್ದೂ ಫಸ್ಟ್ ಕ್ಲಾಸ್. ಕಾಲೇಜು ನೋಡಿ ಇನ್ನೂರೆಪ್ಪತ್ತು ಪಕ್ಕಕ್ಕಿಟ್ಟೆ. ತಪ್ಪೇನು? ಮೆಣಸಿನಕಾಯಿ ಕೊಳ್ಳುವಾಗ ಬ್ಯಾಡಗಿದಾ ಅಂತ ಕೇಳಲ್ವಾ? ಇನ್ಫೋಸಿಸ್ ನಾರಾಯಣಮೂರ್ತಿ ಅಂಥವರೂ ಐಐಟಿಯಿಂದ ಬಂದವರೇ ಅಲ್ವಾ? ಕೊನೆಗೊಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಿಮ್ಮ ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಿದಿರಿ?"

ತಪ್ಪು ತಿಳಿದಿಲ್ಲ. ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಮೆಣಸಿನಕಾಯಿಯಿಂದ ಶುರು ಮಾಡೋಣ, ಯಾಕೆಂದರೆ ನಾನು ಬ್ಯಾಡಗಿ ಇರುವ ಹಾವೇರಿ ಕಡೆಯವನು. ಆ ವಿಷಯದಲ್ಲಿ ನನ್ನನ್ನು ಕೆಣಕಬಾರದಿತ್ತು ನೀವು.

ಸೀಸನ್‌ನಲ್ಲಿ ಒಂದು ದಿನ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನಿಲ್ಲಿ. ಖರೀದಿದಾರ ಚೀಲದ ಬಾಯಿ ಬಿಚ್ಚಿಸುತ್ತಾನೆ. ಮೇಲಿನ ಕಾಯಿ ಮುಟ್ಟುವುದಿಲ್ಲ, ಕೈ ತೂರಿಸಿ ಒಳಗಿನದ್ದು ತೆಗೆಯುತ್ತಾನೆ. ಮುರಿಯುತ್ತಾನೆ. ತೇವ ಇದೆಯಾ, ಬೀಜ ಎಷ್ಟು, ಬಣ್ಣ ಕೈಗೆ ಹತ್ತುತ್ತಾ ನೋಡುತ್ತಾನೆ. ಆಮೇಲೆ ರೇಟು ಬರೆಯುತ್ತಾನೆ. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯವರಂತೂ ಲ್ಯಾಬಿನಲ್ಲಿ ಅಳೆಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಸೂಚಕದ, ಅಂದರೆ ಜಿಐ ಮುದ್ರೆ ಬಿದ್ದಿದೆ. ಆದರೂ ಆ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರಿನ ಮಾಲೂ ಬರುತ್ತದೆ, ಆಂಧ್ರದ್ದೂ ಬರುತ್ತದೆ. ಹೆಸರು ಕೇಳಿ ಕಣ್ಣು ಮುಚ್ಚಿಕೊಂಡು ಕೊಳ್ಳುವವರು ನಾವು, ಬೆಂಗಳೂರಿನ ಅಂಗಡಿಯಲ್ಲಿ ಕಾಲು ಕೆಜಿ ತಗೊಳ್ಳುವವರು. ದುಡ್ಡು ಹಾಕಿ ವ್ಯಾಪಾರ ಮಾಡುವವನು ಚೀಲ ಬಿಚ್ಚದೆ ಕೊಳ್ಳುವುದಿಲ್ಲ. ನೀವು ದುಡ್ಡು ಹಾಕುವವರು.

ಇನ್ನು ಆ ಚೀಲದ ಮೇಲಿನ ಹೆಸರು, ಅಂದರೆ ಕಾಲೇಜಿನ ಹೆಸರು, ಏನು ಹೇಳುತ್ತದೆ ನೋಡೋಣ. ನಿಮ್ಮ ಮೇಜಿನ ಮೇಲಿರುವ ಅರ್ಜಿಗಳಲ್ಲಿ ಜಾಸ್ತಿ ಪಾಲು ವಿಟಿಯುದ್ದೇ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ ಇರುತ್ತವೆ. ಅದರಲ್ಲಿ ಯುಎಸ್‌ಎನ್ ಅಂತ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಕೊಟ್ಟ ಒಂದು ನಂಬರ್ ಇರುತ್ತದಲ್ಲ, ಅದನ್ನು ಓದಲು ಬಂದರೆ ಬಯೋಡೇಟಾನೇ ಬೇಡ. ಮೊದಲ ಅಂಕಿ ವಲಯ: 1 ಅಂದರೆ ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಆಮೇಲಿನ ಎರಡು ಅಕ್ಷರ ಕಾಲೇಜು. ಆಮೇಲೆ ಸೇರಿದ ವರ್ಷ, ಬ್ರಾಂಚ್, ಕೊನೆಗೆ ಮೂರಂಕಿಯ ರೋಲ್ ನಂಬರ್. ಆ ಮೂರಂಕಿ 400ರಿಂದ ಶುರುವಾದರೆ ಹುಡುಗ ಡಿಪ್ಲೊಮಾ ಮುಗಿಸಿ ಸೀದಾ ಎರಡನೇ ವರ್ಷಕ್ಕೆ ಬಂದವನು. ಅರ್ಜಿ ವಿಂಗಡಿಸುವ ಒಬ್ಬ ಪರಿಚಯಸ್ಥರು ಒಮ್ಮೆ ನನ್ನೆದುರಿಗೇ ಹೇಳಿದ್ದರು: "ಮೂರರಿಂದ ಶುರುವಾದರೆ ನಾನು ಮುಂದೆ ಓದೋದೇ ಇಲ್ಲ ಸಾರ್." ಹೇಳಿ ನಕ್ಕರು. ಕಲಬುರಗಿ, ರಾಯಚೂರು, ಬೀದರ್ ಎಲ್ಲ ಒಂದೇ ಅಂಕಿಯಲ್ಲಿ ಹೋಯಿತು.

ಆದರೆ ಆ ಅಂಕಿ ಬಂದದ್ದು ಎಲ್ಲಿಂದ? ಹದಿನೇಳು ಹದಿನೆಂಟು ವಯಸ್ಸಿನಲ್ಲಿ ಬರೆದ ಪರೀಕ್ಷೆಯಿಂದ. ಪಿಯುಸಿಯ ಮೂರು ವಿಷಯದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅಲ್ಲಿಂದ ರ‍್ಯಾಂಕ್. ಅದು ಬರೀ ಅರ್ಧ ಕಥೆ. ರ‍್ಯಾಂಕ್ ಬಂದ ಮೇಲೆ ಮನೆಯಲ್ಲಿ ಇನ್ನೊಂದು ಕೌನ್ಸೆಲಿಂಗ್ ನಡೆಯುತ್ತದೆ. ಹಾಸ್ಟೆಲ್ ಬೇಡ, ಮನೆಯಿಂದ ಬಸ್ಸಿನಲ್ಲಿ ಓಡಾಡುವ ಹಾಗಿದ್ದರೆ ಕಳಿಸ್ತೀನಿ ಅಂತ ಅಪ್ಪ ಅನ್ನುತ್ತಾರೆ. ಹುಡುಗಿಗೆ ಬೆಂಗಳೂರಿನ ದೊಡ್ಡ ಕಾಲೇಜು ಸಿಗುವಂತಿದ್ದರೂ ಊರ ಹತ್ತಿರದ ಕಾಲೇಜು ಬರೆಯುತ್ತಾಳೆ. ಇನ್ನೊಬ್ಬ ಬ್ರಾಂಚ್‌ಗಾಗಿ ಕಾಲೇಜು ಬಿಡುತ್ತಾನೆ. ಮತ್ತೊಬ್ಬನಿಗೆ ರ‍್ಯಾಂಕೇ ಬಂದಿರುವುದಿಲ್ಲ, ಅವರಪ್ಪ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಅದೇ ದೊಡ್ಡ ಕಾಲೇಜಿಗೆ ದುಡ್ಡು ಕಟ್ಟುತ್ತಾರೆ. ನಾಲ್ಕು ವರ್ಷ ಆದಮೇಲೆ ಸಾವಿರದೊಳಗಿನ ರ‍್ಯಾಂಕಿನ ಹುಡುಗನಿಗೂ ಇವನಿಗೂ ಬಯೋಡೇಟಾದಲ್ಲಿ ಒಂದೇ ಹೆಸರು. ನೀವು ಇಬ್ಬರನ್ನೂ ಒಳಗೆ ಕರೆಯುತ್ತೀರಿ. ಬಸ್ಸಿನಲ್ಲಿ ಓಡಾಡಿದ ಹುಡುಗಿ ಇನ್ನೂರೆಪ್ಪತ್ತರಲ್ಲಿ ಇರುತ್ತಾಳೆ.

ನಾರಾಯಣಮೂರ್ತಿಯವರ ಮಾತು ತೆಗೆದಿರಿ. ಅವರು ಬಿ.ಇ. ಮಾಡಿದ್ದು ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1967ರಲ್ಲಿ ಪದವಿ. ಐಐಟಿ ಕಾನ್ಪುರಕ್ಕೆ ಹೋಗಿದ್ದು ಆಮೇಲೆ, ಎಂ.ಟೆಕ್.ಗೆ. ಐಐಟಿಯ ಪ್ರವೇಶ ಪರೀಕ್ಷೆ ಮೊದಲೇ ಪಾಸಾಗಿದ್ದರಂತೆ. ಮೇಷ್ಟ್ರಾಗಿದ್ದ ತಂದೆಗೆ ಅಲ್ಲಿಗೆ ಕಳಿಸುವ ಶಕ್ತಿ ಇರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ.

ಚಂದ್ರಯಾನ-3 ಇಳಿದ 2023ರ ಆಗಸ್ಟ್‌ನಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥ್ ಬಿ.ಟೆಕ್. ಓದಿದ್ದು ಕೊಲ್ಲಂನ ಕಾಲೇಜಿನಲ್ಲಿ. ಯೋಜನಾ ನಿರ್ದೇಶಕ ವೀರಮುತ್ತುವೇಲ್ ಶುರು ಮಾಡಿದ್ದು ಪಾಲಿಟೆಕ್ನಿಕ್ ಡಿಪ್ಲೊಮಾದಿಂದ. ಇಬ್ಬರೂ ಮುಂದೆ ದೊಡ್ಡ ಸಂಸ್ಥೆಗಳಲ್ಲಿ ಓದಿದರು, ಅದನ್ನು ಮುಚ್ಚಿಡುವುದಿಲ್ಲ. ನಾನು ಹೇಳುವುದು ಬಾಗಿಲಿನ ವಿಷಯ. ಇಸ್ರೋ ಕೂಡ ಜರಡಿ ಹಿಡಿಯುತ್ತದೆ. ಇಂಜಿನಿಯರ್ ಹುದ್ದೆಗೆ ಶೇ 65 ಅಂಕ ಬೇಕು ಅನ್ನುತ್ತದೆ, ಆಮೇಲೆ ಪರೀಕ್ಷೆ, ಆಮೇಲೆ ಸಂದರ್ಶನ. ಆ ಅಂಕ ಯಾವ ಊರಿನ ಕಾಲೇಜಿನದ್ದು ಅನ್ನುವುದು ಆ ಜರಡಿಯಲ್ಲಿಲ್ಲ.

ಹಾಗಂತ ಕಾಲೇಜಿಗೆ ಅರ್ಥವೇ ಇಲ್ಲ ಅಂತ ನಾನು ಹೇಳಿದರೆ ನೀವು ನಗುತ್ತೀರಿ. ನಗಬೇಕಾದ್ದೇ. ಒಳ್ಳೆಯ ಲ್ಯಾಬ್, ಓದುವ ಗೆಳೆಯರು, ದಾರಿ ತೋರಿಸುವ ಸೀನಿಯರ್‌ಗಳು, ಇವೆಲ್ಲ ಸುಮ್ನೆ ಅಲ್ಲ. ನಿಮ್ಮ ಪೀಣ್ಯದಲ್ಲೇ ನೋಡಿ. ಮಷೀನ್ ಕೆಲಸ ಕಲಿಸುವ ಎನ್‌ಟಿಟಿಎಫ್‌ನ ಹುಡುಗ ಅಥವಾ ಜಿಟಿಟಿಸಿಯ ಹುಡುಗ ಅಂದರೆ ಎಷ್ಟೋ ಮಾಲೀಕರು ಬಿ.ಇ.ಯವರನ್ನು ಬಿಟ್ಟು ಅವರನ್ನು ತಗೊಳ್ಳುತ್ತಾರೆ. ಮೊದಲನೆಯದು 1959ರಲ್ಲಿ ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ ಶುರುವಾದದ್ದು, ಎರಡನೆಯದು 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು. ಆ ಹೆಸರುಗಳನ್ನು ನಂಬುವುದರಲ್ಲಿ ನನಗೆ ತಕರಾರಿಲ್ಲ. ಯಾಕೆಂದರೆ ಅಲ್ಲಿ ಹುಡುಗರು ಫೈಲ್ ಹಿಡಿದು ಕಬ್ಬಿಣ ಉಜ್ಜಿರುತ್ತಾರೆ, ಮಷೀನಿನ ಮುಂದೆ ನಿಂತಿರುತ್ತಾರೆ. ಆ ಹೆಸರು ಹೇಳುವುದು ಕೈಗೆ ಏನು ಕೆಲಸ ಬರುತ್ತದೆ ಅನ್ನುವುದನ್ನು. ಬಿ.ಇ. ಕಾಲೇಜಿನ ಹೆಸರು ಹೇಳುವುದು ಬಹುಮಟ್ಟಿಗೆ ಒಳಗೆ ಹೋಗುವಾಗ ಎಷ್ಟನೇ ರ‍್ಯಾಂಕ್ ಇತ್ತು ಅನ್ನುವುದನ್ನು. ಒಳಗೆ ಹೋದಮೇಲೆ, ಸಿಲೆಬಸ್ ತಾವೇ ಮಾಡಿಕೊಳ್ಳುವ ಸ್ವಾಯತ್ತ ಕಾಲೇಜು, ಖಾಸಗಿ ವಿಶ್ವವಿದ್ಯಾಲಯಗಳನ್ನು ಬಿಟ್ಟರೆ, ಎಲ್ಲರದ್ದೂ ವಿಟಿಯು ಸಿಲೆಬಸ್ಸೇ. ಪ್ರಶ್ನೆಪತ್ರಿಕೆಯೂ ಒಂದೇ.

ಈಗ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿ ಮೇಲಿನ ಮಹಡಿಯಿಂದ ಕೆಳಗೆ ಬಂತು. ಕಪಾಟು ಖಾಲಿ ಮಾಡುವಾಗ ಸೆಣಬಿನ ದಾರದಲ್ಲಿ ಕಟ್ಟಿದ ಒಂದು ಕಂತೆ ಸಿಕ್ಕಿತು. ಮೇಲೆ ನನ್ನದೇ ಅಕ್ಷರ: "ಬೇಡ". ಉಪಸಂಪಾದಕರ ಹುದ್ದೆಗೆ ಹಿಂದೊಮ್ಮೆ ಬಂದಿದ್ದ ಅರ್ಜಿಗಳು. ನಾನೂ ನಿಮ್ಮ ಹಾಗೆಯೇ ಮಾಡಿದ್ದೆ. ದೊಡ್ಡ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದವರು ಈ ಕಡೆ, ಉಳಿದವರು ಆ ಕಡೆ. ಸುಮ್ನೆ ತಿರುವಿ ಹಾಕುವಾಗ ಒಂದು ಹೆಸರು ಕಣ್ಣಿಗೆ ಬಿತ್ತು. ಅಷ್ಟು ಹೊತ್ತಿಗೆ ಆ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ಬೇರೊಂದು ಪತ್ರಿಕೆಯಲ್ಲಿ ವಾರವಾರ ಓದುತ್ತಿದ್ದೆ. ವಿಶೇಷಾಂಕಕ್ಕೆ ಲೇಖನ ಕೊಡಿ ಅಂತ ಎರಡು ಸಲ ಫೋನ್ ಮಾಡಿ ಬೇಡಿದ್ದೆ. ತಾಲೂಕು ಕೇಂದ್ರದ ಡಿಗ್ರಿ ಕಾಲೇಜು, ಬಿ.ಎ. ಅರ್ಜಿಯ ಹಿಂದೆ ಎರಡು ಪುಟದ ಬರಹ ಪಿನ್ ಮಾಡಿ ಕಳಿಸಿದ್ದರು. ಪಿನ್ನಿನ ಹತ್ತಿರ ಹಾಳೆ ಮಡಿಸಿದ ಗುರುತೇ ಇರಲಿಲ್ಲ. ಅಂದರೆ ನಾನು ತಿರುವಿಯೂ ನೋಡಿರಲಿಲ್ಲ.

ಆಗ ನಾನು ತಗೊಂಡವರು ಹೇಗಿದ್ದರು ಅಂತ ಕೇಳುತ್ತೀರಿ. ಚೆನ್ನಾಗಿಯೇ ಕೆಲಸ ಮಾಡಿದರು. ತೊಂದರೆ ಇರುವುದೇ ಅಲ್ಲಿ. ಅವರು ಚೆನ್ನಾಗಿ ಕೆಲಸ ಮಾಡಿದ್ದರಿಂದ ನನ್ನ ಜರಡಿ ಸರಿ ಇದೆ ಅಂತಲೇ ಅಷ್ಟು ವರ್ಷ ನಂಬಿದ್ದೆ. ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಕೆಟ್ಟ ಮಾಲು ಒಳ್ಳೆಯದರ ಜೊತೆ ಹೋದರೆ ಗಿರಾಕಿ ವಾಪಸ್ ಕಳಿಸುತ್ತಾನೆ, ನಿಮಗೆ ಗೊತ್ತಾಗುತ್ತದೆ. ಒಳ್ಳೆಯ ಮಾಲು ಸ್ಕ್ರ್ಯಾಪ್ ಡಬ್ಬಕ್ಕೆ ಬಿದ್ದರೆ ಯಾರೂ ವಾಪಸ್ ಕಳಿಸುವುದಿಲ್ಲ. ಅದಕ್ಕೇ ಒಳ್ಳೆಯ ಮಾಲೀಕ ಆಗಾಗ ಆ ಡಬ್ಬವನ್ನೂ ಸುರಿದು ನೋಡುತ್ತಾನೆ. ನಿಮ್ಮ ಇನ್ನೂರೆಪ್ಪತ್ತು ಅರ್ಜಿಗಳನ್ನು ಹಾಗೆ ಸುರಿದು ನೋಡಿದ್ದೀರಾ?

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ ಸ್ಟೇಸಿ ಡೇಲ್, ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಸಂಬಳ ಹೋಲಿಸಿ 2002ರಲ್ಲಿ ಪ್ರಕಟಿಸಿದರು. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ, ಅಲ್ಲಿ ಸೀಟೂ ಸಿಕ್ಕವರು. ಕೆಲವರು ಹೆಸರಾಂತ ಕಾಲೇಜಿಗೆ ಹೋದರು, ಕೆಲವರು ಸಾಧಾರಣ ಕಾಲೇಜಿಗೆ. ಸಂಬಳ ಹೆಚ್ಚುಕಡಿಮೆ ಒಂದೇ ಬಂತು. ಬಡ ಮನೆಯ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜು ಲಾಭ ಕೊಟ್ಟಿತ್ತು. ಬ್ರಿಟನ್ನಿನಲ್ಲಿ ಡೆಲಾಯ್ಟ್ ಕಂಪನಿ 2015ರಲ್ಲಿ, ಸಂದರ್ಶನ ಮಾಡುವವರಿಗೆ ಅಭ್ಯರ್ಥಿಯ ವಿಶ್ವವಿದ್ಯಾಲಯದ ಹೆಸರೇ ಕಾಣದ ಹಾಗೆ ಮಾಡುತ್ತೇವೆ ಅಂತ ಪ್ರಕಟಿಸಿತು. ಅಂಥ ದೊಡ್ಡ ಕಂಪನಿಗೂ ತನ್ನವರ ಕಣ್ಣಿನ ಮೇಲೆ ಅನುಮಾನ ಇತ್ತು ಅಂತಾಯಿತು.

ಸರಿ, ಮುನ್ನೂರು ಅರ್ಜಿ ಇಟ್ಟುಕೊಂಡು ಏನು ಮಾಡಲಿ ಅನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ಮುನ್ನೂರು ಜನರನ್ನು ಕರೆದು ಕಾಫಿ ಕೊಡಿ ಅಂತ ನಾನು ಹೇಳುವುದಿಲ್ಲ.

ಎಲ್ಲರಿಗೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಡ್ರಾಯಿಂಗ್ ಕಳಿಸಿ. ಮೂರು ಪ್ರಶ್ನೆ ಕೇಳಿ, ಎರಡು ದಿನ ಟೈಮ್ ಕೊಡಿ. ಎಷ್ಟೋ ಜನ ಉತ್ತರವನ್ನೇ ಕೊಡುವುದಿಲ್ಲ. ಸಿಕ್ಕಸಿಕ್ಕಲ್ಲೆಲ್ಲ ಅರ್ಜಿ ಒತ್ತಿದವರು ಅಲ್ಲೇ ಉದುರುತ್ತಾರೆ. ಬಂದ ಉತ್ತರ ನೋಡಿ ಇಪ್ಪತ್ತು ಮೂವತ್ತು ಜನರನ್ನು ಕರೆಯಿರಿ. ಉತ್ತರ ಬೇರೆಯವರ ಹತ್ತಿರ ಬರೆಸಿರಬಹುದು, ಗೊತ್ತು. ಅದಕ್ಕೇ ಕರೆಸಿದಾಗ ಮೇಜಿನ ಮೇಲೆ ಒಂದು ಪೀಸ್ ಇಡಿ. ಡ್ರಾಯಿಂಗಿನಲ್ಲಿ ವ್ಯಾಸ 20 ಮಿ.ಮೀ., ಆಚೀಚೆ 0.02 ಅಂತಿರಲಿ. ಪೀಸು 20.06 ಇರಲಿ. ಪಕ್ಕದಲ್ಲಿ ಮೈಕ್ರೋಮೀಟರ್ ಇಟ್ಟು, ಅಳೆದು ಹೇಳಪ್ಪಾ ಅನ್ನಿ. ಸುಮ್ಮನೆ ನೋಡುತ್ತಿರಿ. ಅಳೆಯುವ ಮೊದಲು ಮೈಕ್ರೋಮೀಟರಿನ ಅಳೆಯುವ ಮುಖಗಳನ್ನು ಒರೆಸಿ, ಅವನ್ನು ಮುಚ್ಚಿ, ಝೀರೋ ಸರಿ ಇದೆಯಾ ಅಂತ ನೋಡುತ್ತಾನಾ? ಒಂದೇ ಕಡೆ ಅಳೆದು ಬಿಡುತ್ತಾನಾ, ತಿರುಗಿಸಿ ಇನ್ನೆರಡು ಕಡೆ ನೋಡುತ್ತಾನಾ? ರಿಜೆಕ್ಟ್ ಅಂತ ಹೇಳಲು ಹೆದರುತ್ತಾನಾ? ಹತ್ತು ನಿಮಿಷದಲ್ಲಿ ನಿಮಗೆ ಗೊತ್ತಾಗುವುದು ಯಾವ ಮಾರ್ಕ್ಸ್ ಕಾರ್ಡಿನಲ್ಲೂ ಇರುವುದಿಲ್ಲ. ಈ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೈಕ್ರೋಮೀಟರ್ ಬಗ್ಗೆ ನನಗೆ ಹೇಳಿಕೊಟ್ಟವರೂ ಪೀಣ್ಯದವರೇ.

ಕೆಲಸದ ತುಣುಕೊಂದನ್ನು ಮಾಡಿಸಿ ನೋಡುವುದು ಮತ್ತು ಎಲ್ಲರಿಗೂ ಅವೇ ಪ್ರಶ್ನೆ ಕೇಳುವುದು, ಇವೆರಡು ಒಳ್ಳೆಯ ದಾರಿ ಅಂತ ಶ್ಮಿಟ್ ಮತ್ತು ಹಂಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1998ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಹೇಳಿದ್ದರು. ಎಷ್ಟು ವರ್ಷ ಓದಿದ್ದಾರೆ ಅನ್ನುವುದು ಅವರ ಪಟ್ಟಿಯಲ್ಲಿ ಎಲ್ಲೋ ಕೆಳಗಿತ್ತು. 2022ರಲ್ಲಿ ಬೇರೆಯವರು ಮರುಲೆಕ್ಕ ಹಾಕಿದಾಗ ಅಂಕಿಗಳು ಇಳಿದವು, ಆದರೂ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಸಂದರ್ಶನ ಮೇಲೆಯೇ ಉಳಿಯಿತು.

ಇದಕ್ಕೂ ಪುರುಸೊತ್ತಿಲ್ಲ ಅಂದರೆ ಇಷ್ಟಾದರೂ ಮಾಡಿ. ನೀವು ಆರಿಸಿದ ಮೂವತ್ತು ಇರಲಿ. ಪಕ್ಕಕ್ಕಿಟ್ಟ ಇನ್ನೂರೆಪ್ಪತ್ತರಲ್ಲಿ ಚೀಟಿ ಎತ್ತಿದ ಹಾಗೆ ಹತ್ತು ತೆಗೆಯಿರಿ. ಲಾಟ್‌ನಿಂದ ಸ್ಯಾಂಪಲ್ ತೆಗೆಯಲ್ವಾ, ಹಾಗೆ. ನಲವತ್ತು ಜನಕ್ಕೂ ಅದೇ ಪೀಸು ಕೊಡಿ. ಆ ಹತ್ತರಲ್ಲಿ ಒಬ್ಬರೂ ಪಾಸಾಗದಿದ್ದರೆ ಪತ್ರ ಬರೆಯಿರಿ, ಸೋತೆ ಅಂತ ಅಚ್ಚು ಹಾಕುತ್ತೇನೆ. ಒಂದು ಕೋರಿಕೆ. ಅವರನ್ನು ಬೆಳಗ್ಗೆ ಒಂಬತ್ತಕ್ಕೆ ಕರೆಯಬೇಡಿ, ಹನ್ನೊಂದಕ್ಕೆ ಕರೆಯಿರಿ. ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಶೌಚಾಲಯದ ಕನ್ನಡಿ ಮುಂದೆ ತಲೆ ಬಾಚಿಕೊಂಡು, ಮಾರ್ಕ್ಸ್ ಕಾರ್ಡ್ ಇರುವ ಪ್ಲಾಸ್ಟಿಕ್ ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ಶರ್ಟು ಬದಲಿಸುವ ಹುಡುಗರನ್ನು ನಾನು ನೋಡಿದ್ದೇನೆ. ಅಲ್ಲಿಂದ ಪೀಣ್ಯ ಹುಡುಕಿಕೊಂಡು ಬರಲು ಹೊತ್ತಾಗುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನನಗೆ ಒಬ್ಬಳೇ ಮಗಳು. ಹೆಸರಿರುವ ಕಾಲೇಜಿಗೇ ಸೇರಿಸಿದೆ. ಊರ ಹತ್ತಿರದ ಕಾಲೇಜಿನಲ್ಲಿ ಅವಳಿಗೆ ಬೇಕಾದ ಬ್ರಾಂಚೇ ಸಿಗುತ್ತಿತ್ತು, ಫೀಸೂ ಕಡಿಮೆ ಇತ್ತು, ಅವಳೂ ಅಲ್ಲಿಗೇ ಹೋಗ್ತೀನಿ ಅಂದಳು. ನಾನು ಬೇಡ ಅಂದೆ. ನಾಳೆ ನಿಮ್ಮಂಥವರು ಕಾಲೇಜು ಯಾವುದು ಅಂತ ಕೇಳುತ್ತಾರಲ್ಲ, ಆ ಹೆದರಿಕೆಗೆ. ಬ್ಯಾಂಕಿನ ಸಾಲ ಇನ್ನೂ ಎರಡು ವರ್ಷ ಬಾಕಿ ಇದೆ.

– ಸಂ.