ಸಾಯಬೇಕಾದ ಕೋಶ ಯಾಕ ಸಾಯಂಗಿಲ್ಲ?

ಪ್ರಶ್ನೆ: ನಮ್ಮ ಅವ್ವಗ ಲಂಗ್ ಕ್ಯಾನ್ಸರ್ ಐತ್ರಿ, ಬೀಡಿ ಮುಟ್ಟಿದಾಕಿ ಅಲ್ಲ. ಟೆಸ್ಟ್ ಮಾಡ್ಸಿ 'ಇಜಿಎಫ್‌ಆರ್ ಪಾಸಿಟಿವ್' ಅಂದು ಕಿಮೋ ಬದ್ಲು ಜೆಫಿಟಿನಿಬ್ ಗುಳಗಿ ಕೊಟ್ಟಾರ. ಬೆಳವಣಿಗಿ ನಿಲ್ಲಸೋ ಗುಳಗಿಯಿಂದ ಇದ್ದ ಗಡ್ಡಿ ಸಣ್ಣಾಗೋದು ಹೆಂಗ್ರಿ?
— ಓದುಗರೊಬ್ಬರು, ಸಿಂಧನೂರು

ಉತ್ತರ: ಗ್ರೋತ್ ಫ್ಯಾಕ್ಟರ್ (ಕೋಶಕ್ಕ ಸುದ್ದಿ ಮುಟ್ಟಸೋ ಪ್ರೋಟೀನ್) ಅಂದ್ರ ಬರೇ ಬೆಳಸೋದು ಅಂತ ತಿಳ್ಕೊಂತೀವಿ, ಆದ್ರ ಅದು ಕೋಶಕ್ಕ 'ಇನ್ನೂ ಬದುಕಿರು' ಅಂತನೂ ಹೇಳ್ತಿರತೈತಿ, ಆ ಮಾತು ನಿಂತ್ರ ಎಷ್ಟೋ ಕೋಶ ತಾವಾಗೇ ಸಾಯ್ತಾವ, ಇದಕ್ಕ ಅಪೊಪ್ಟೋಸಿಸ್ ಅಂತ 1972ರಾಗ ಹೆಸರಿಟ್ರು. ನಿಮ್ಮ ಅವ್ವಾರ ಗಡ್ಡಿಯೊಳಗ ಆ ಮಾತು ಕೇಳಿಸ್ಕೊಳ್ಳೋ ಇಜಿಎಫ್‌ಆರ್ ಅನ್ನೋ ರಿಸೆಪ್ಟರೇ (ಕೋಶದ ಮ್ಯಾಲಿನ ಪ್ರೋಟೀನ್) ಕೆಟ್ಟೈತಿ, ಬಟನ್ ಸಿಕ್ಕಾಕ್ಕೊಂಡ ಕಾಲಿಂಗ್ ಬೆಲ್ಲಿನಂಗ ಯಾರೂ ಒತ್ತದಿದ್ರೂ ಬಾರಿಸ್ಕೋತ ಇರತೈತಿ. ಅದರಿಂದ ಒಳಗ ಎಕೆಟಿ ಅನ್ನೋ ಪ್ರೋಟೀನ್ ಚಾಲೂ ಇದ್ದು ಸಾವಿನ ದಾರಿ ಬಂದ್ ಮಾಡಿರತೈತಿ. ಗುಳಗಿ ರಿಸೆಪ್ಟರನ್ನ ಆಫ್ ಮಾಡಿದ್ರ ಬಿಮ್ ಅನ್ನೋ ಪ್ರೋಟೀನ್ ಹೆಚ್ಚಾಗಿ, ಮೈಟೊಕಾಂಡ್ರಿಯಾ ತೂತಾಗಿ, ಕ್ಯಾಸ್ಪೇಸ್ ಕಿಣ್ವಗಳು ಕೋಶಾನ ಒಳಗಿಂದನ ಕತ್ತರಿಸ್ತಾವ.

ಚರ್ಮಕ್ಕೂ ಇದೇ ರಿಸೆಪ್ಟರ್ ಬೇಕು, ಅದಕ್ಕ ಮಾರಿ ಮ್ಯಾಲೆ ಗುಳ್ಳಿ ಏಳ್ತಾವ, ಭೇದಿನೂ ಆಗ್ಬೋದು, ಹೆದರಿ ನೀವಾಗೇ ಗುಳಗಿ ಬಿಡಸಬ್ಯಾಡ್ರಿ, ಡಾಕ್ಟರಿಗೆ ಹೇಳ್ರಿ (ಉಸಿರಾಡಕ್ಕ ತ್ರಾಸಾದ್ರ ಮಾತ್ರ ಅವತ್ತೇ ಓಡ್ರಿ). ಮುಂದ ಗಡ್ಡಿ ಮತ್ತ ಬೆಳದ್ರ ಅದೇ ರಿಸೆಪ್ಟರಿನ್ಯಾಗ ಟಿ790ಎಂ ಅನ್ನೋ ಬದಲಾವಣಿ ಆಗೈತೇನು ಅಂತ ಟೆಸ್ಟ್ ಮಾಡಸ್ತಾರ, ಅದಕ್ಕ ಒಸಿಮೆರ್ಟಿನಿಬ್ ಅಂತ ಬ್ಯಾರೆ ಗುಳಗಿ ಐತಿ, ರೇಟು ಮಾತ್ರ ಜಾಸ್ತಿ.